ಗುಂಯ್‌ಗುಟ್ಟುವ ಟಿಸಿಯೇ ಬೇಕೆಂದವರು

ಟ್ರಾನ್ಸ್‌ಫಾರ್ಮರಿನಲ್ಲಿ ತಿರುಗುವ ಭಾಗ ಒಂದೂ ಇಲ್ಲ, ಹಾಗಾಗಿ ಅದನ್ನು ನೋಡಿಕೊಳ್ಳುವವರಿಗೆ ಕೆಲಸವೂ ಇಲ್ಲ ಎಂದು ನಮ್ಮ ವಿದ್ಯುತ್ ಇಲಾಖೆಯಲ್ಲಿ ಒಂದು ತಮಾಷೆಯಿತ್ತು. ನಾನು ಪರೀಕ್ಷಾ ವಿಭಾಗಕ್ಕೆ ಇಂಜಿನಿಯರಾಗಿ ಬಂದ ದಿನವೇ ಅದನ್ನು ಕೇಳಿಸಿಕೊಂಡೆ. ಹೇಳಿದವರು ನಮ್ಮ ವಿಭಾಗದ ಮೇಲಧಿಕಾರಿ. ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. "ಹೆಂಗಸರಿಗೆ ಹೇಳಿ ಮಾಡಿಸಿದ ಜಾಗ ಕಣಮ್ಮ. ನೆರಳಲ್ಲಿ ಕೂತ್ಕೊಂಡು ಸಹಿ ಹಾಕೋದು, ಅಷ್ಟೇ" ಎಂದರು. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಆ ಮಾತು ನೆನಪಾದರೆ ನನಗೆ ಮೈಯೆಲ್ಲ ಉರಿಯುತ್ತದೆ. ಈಗ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಮನೆಗೆ ಬಂದು ಬಡ್ತಿಯ ವಿಚಾರ ಕೇಳುತ್ತಾರೆ. ಅದನ್ನು ಬಡ್ತಿ ಸಿಕ್ಕವರ ಹತ್ತಿರ ಕೇಳಿಕೊಳ್ಳಿ. ಸಹಿ ಹಾಕುವ ಮುಂಚೆ ಏನು ನೋಡಬೇಕು ಎನ್ನುವುದನ್ನು ಮಾತ್ರ ನಾನು ಹೇಳಬಲ್ಲೆ.

ತೊಂಬತ್ತರ ದಶಕದ ಮಾತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿ ಟಿಸಿ ಸುಟ್ಟರೂ ಬಂದು ಬೀಳುತ್ತಿದ್ದದ್ದು ಪಾಂಡವಪುರದ ಹೊರಗಿದ್ದ ನಮ್ಮ ಅಂಗಳಕ್ಕೆ. ಟಿಸಿ ಎಂದರೆ ಟ್ರಾನ್ಸ್‌ಫಾರ್ಮರೇ. ನಮ್ಮ ಕಡೆ ಸಾಹೇಬರಿಂದ ಹಿಡಿದು ಕುರಿ ಕಾಯುವವರವರೆಗೆ ಎಲ್ಲರ ಬಾಯಲ್ಲೂ ಅದಕ್ಕೆ ಅದೇ ಹೆಸರು. ಸುಟ್ಟದ್ದನ್ನು ರಿಪೇರಿ ಕಂಟ್ರಾಕ್ಟರ್ ಶಿವಣ್ಣ ಲಾರಿಯಲ್ಲಿ ಒಯ್ದು, ಹೊಸ ತಂತಿ ಸುತ್ತಿಸಿ, ಎಣ್ಣೆ ತುಂಬಿಸಿ ವಾಪಸು ತರುತ್ತಿದ್ದ. ನಾನು ಮತ್ತು ಮೆಕ್ಯಾನಿಕ್ ನಂಜಯ್ಯ ಅದನ್ನು ಪರೀಕ್ಷೆ ಮಾಡಿ ಒಳಗೆ ತೆಗೆದುಕೊಳ್ಳಬೇಕು. ಪರೀಕ್ಷೆ ಎಂಬ ಹೆಸರಿನಲ್ಲಿ ನಡೆಯುತ್ತಿದ್ದದ್ದಾದರೂ ಏನು? ಒಂದು ಕಡೆ ಕರೆಂಟು ಕೊಡುವುದು, ಇನ್ನೊಂದು ಕಡೆ ವೋಲ್ಟೇಜು ಬಂತೇ ಎಂದು ನೋಡುವುದು. ಬಂತು ಎಂದರೆ ಪಾಸು. ಅದು ಒಳಗೊಳಗೇ ಎಷ್ಟು ಕರೆಂಟು ತಿನ್ನುತ್ತಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಕಾಲೇಜಿನಲ್ಲಿ ಓದಿ ಮರೆತವರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಟಿಸಿಯಲ್ಲಿ ಕರೆಂಟು ಪೋಲಾಗುವುದು ಎರಡು ಕಡೆ. ಒಂದು ಅದರ ತಂತಿ ಸುತ್ತುಗಳಲ್ಲಿ. ಊರಿನವರು ಹೆಚ್ಚು ಬಳಸಿದಷ್ಟೂ ಅಲ್ಲಿ ಪೋಲು ಹೆಚ್ಚು. ಇನ್ನೊಂದು ಆ ಸುತ್ತುಗಳ ನಡುವಿನ ಕಬ್ಬಿಣದ ತಿರುಳಿನಲ್ಲಿ. ತೆಳ್ಳನೆಯ ತಗಡುಗಳನ್ನು ಒಂದರ ಮೇಲೊಂದು ಒತ್ತಾಗಿ ಜೋಡಿಸಿ ಆ ತಿರುಳನ್ನು ಮಾಡಿರುತ್ತಾರೆ. ಊರಲ್ಲಿ ಒಂದು ದೀಪವೂ ಉರಿಯದಿದ್ದರೂ ಲೈನಿನಲ್ಲಿ ಕರೆಂಟು ಇರುವಷ್ಟು ಹೊತ್ತೂ ಈ ತಿರುಳು ತನ್ನ ಪಾಲನ್ನು ತಿನ್ನುತ್ತಲೇ ಇರುತ್ತದೆ, ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸಿದ ಮೇಲೂ ಒಲೆ ಉರಿಯುತ್ತಿದ್ದ ಹಾಗೆ. ತಗಡು ಒಳ್ಳೆಯದಿದ್ದು, ಪೂರ್ತಿ ಇದ್ದು, ಸುತ್ತಿಗೆಯ ಪೆಟ್ಟು ಬೀಳದಂತೆ ಜೋಡಿಸಿದ್ದರೆ ಪೋಲು ಕಡಿಮೆ. ತಗಡು ಕದ್ದರೆ ಉಳಿದ ತಗಡಿನ ಮೇಲೆ ಹೊರೆ ಬೀಳುತ್ತದೆ. ಅದು ಹೆಚ್ಚು ತಿನ್ನುತ್ತದೆ, ಹೆಚ್ಚು ಕಾಯುತ್ತದೆ, ಹೆಚ್ಚು ಗುಂಯ್‌ಗುಟ್ಟುತ್ತದೆ. ಆ ಗುಂಯ್ ಎನ್ನುವ ಸದ್ದನ್ನು ನೆನಪಿಟ್ಟುಕೊಳ್ಳಿ.

ಈ ಪೋಲು ಯಾರ ತಲೆಗೆ ಹೋಗುತ್ತಿತ್ತು ಗೊತ್ತೇ? ರೈತರ ತಲೆಗೆ. ಪಂಪ್‌ಸೆಟ್ಟುಗಳಿಗೆ ಆಗ ಮೀಟರು ಇರಲಿಲ್ಲ. ಲೆಕ್ಕಕ್ಕೆ ಸಿಕ್ಕದ ಕರೆಂಟನ್ನೆಲ್ಲ ನಮ್ಮವರು ಪಂಪ್‌ಸೆಟ್ಟಿನ ಬಳಕೆ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಮೀಟಿಂಗುಗಳಲ್ಲಿ ಕೂತು ಬೋಂಡ ತಿನ್ನುತ್ತಾ, "ಈ ರೈತರು ಕರೆಂಟು ಕುಡಿದು ಕುಡಿದು ನಮ್ಮನ್ನು ಮುಳುಗಿಸ್ತಾರೆ" ಎನ್ನುವುದು ಬೇರೆ. ಕುಡಿಯುತ್ತಿದ್ದ ಕಬ್ಬಿಣ ನಮ್ಮದೇ ಅಂಗಳದಿಂದ ಹೋದದ್ದು ಎಂದು ನಾನು ಒಮ್ಮೆ ಎದ್ದು ನಿಂತು ಹೇಳಿದೆ. ಕೂತ್ಕೊಳಮ್ಮ ಎಂದರು.

ನಮ್ಮವರ ತಿಳಿವಳಿಕೆ ಎಂಥದ್ದು ಎನ್ನುವುದಕ್ಕೆ ಶ್ರೀರಂಗಪಟ್ಟಣದ ಬಣ್ಣದ ಪ್ರಸಂಗ ಸಾಕು. ಮಂತ್ರಿಗಳೊಬ್ಬರು ಬರುತ್ತಾರೆಂದು ರಸ್ತೆ ಬದಿಯ ಟಿಸಿಗಳೆಲ್ಲ ಲಕಲಕ ಹೊಳೆಯಬೇಕು, ಬೆಳ್ಳಿ ಬಣ್ಣ ಹೊಡೆಸಿ ಎಂದು ಸಾಹೇಬರ ಅಪ್ಪಣೆಯಾಯಿತು. ಟಿಸಿಯ ಒಳಗಿನ ಬಿಸಿಯನ್ನು ಹೊರಗೆ ಹಾಕುವುದು ಅದರ ಹೊರಮೈಯೇ. ಮಾಸಲು ಬೂದು ಬಣ್ಣ ಹೊಡೆಯುವುದು ಅದಕ್ಕಾಗಿ. ಹೊಳೆಯುವ ಬಣ್ಣ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಒಳಗೆ ಕಾದಷ್ಟೂ ತಂತಿಯಲ್ಲಿ ಪೋಲು ಜಾಸ್ತಿ. ಇದನ್ನು ಹೇಳಲು ಹೋದರೆ ಸಾಹೇಬರು, "ಮಂತ್ರಿಗಳು ಒಳಗೆ ಕೈ ಹಾಕಿ ನೋಡ್ತಾರೇನಮ್ಮ?" ಎಂದರು. ಬಣ್ಣ ಹೊಡೆದರು. ಮಂತ್ರಿಗಳು ಬೇರೆ ದಾರಿಯಲ್ಲಿ ಹೋದರು. ಟಿಸಿಗಳು ಹಬ್ಬಕ್ಕೆ ಸಿಂಗರಿಸಿಕೊಂಡವರ ಹಾಗೆ ವರ್ಷಗಟ್ಟಲೆ ಬಿಸಿಲಲ್ಲಿ ಹೊಳೆಯುತ್ತಾ ಬೆವರುತ್ತಾ ನಿಂತಿದ್ದವು.

ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ ಕಡೆಯದು ಇನ್ನೊಂದು ಬಗೆ. ಅಲ್ಲೊಂದು ಹಳ್ಳಿಯಲ್ಲಿ ನಾಲ್ಕು ಮನೆ, ಒಂದು ಪಂಪು, ಅಷ್ಟಕ್ಕೆ ಆನೆಯಂಥ ಟಿಸಿ. ಆ ನಾಲ್ಕು ಮನೆಯಲ್ಲಿ ಒಂದು ಮುಖಂಡರದು. ಪಕ್ಕದ ಊರಿನಲ್ಲಿ ಊರಿಗೆ ಊರೇ ಒಂದು ಪುಟ್ಟ ಟಿಸಿಗೆ ಜೋತುಬಿದ್ದಿತ್ತು. ದೊಡ್ಡದು ಕೆಲಸವಿಲ್ಲದೆ ತಿರುಳಿನಲ್ಲಿ ತಿನ್ನುತ್ತಿತ್ತು, ಚಿಕ್ಕದು ಹೊರಲಾರದೆ ತಂತಿಯಲ್ಲಿ ಸುಡುತ್ತಿತ್ತು. ಎರಡನ್ನೂ ಅದಲು ಬದಲು ಮಾಡಿದರೆ ಎರಡೂ ಕಡೆ ಪೋಲು ಇಳಿಯುತ್ತದೆ, ಹೊಸದೇನೂ ಕೊಳ್ಳಬೇಕಾಗಿಲ್ಲ. ಕ್ರೇನು ತೆಗೆದುಕೊಂಡು ಹೋದೆವು. ಮುಖಂಡರು ಟಿಸಿ ಕಂಬಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟರು. "ಊರ್ ಮರ್ವಾದಿ ಇದು ಕಣವ್ವ. ಚಿಕ್ಕ ಟಿಸಿ ಹಾಕ್ಸುದ್ರೆ ನಾಳೆ ನಮ್ಗೆ ಹೆಣ್ ಕೊಟ್ಟಾರಾ?" ಎಂದರು. ಅವರ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ಸಂಜೆಯೊಳಗೆ ಫೋನು ಮಾಡಿ ಕ್ರೇನು ವಾಪಸು ಕರೆಸಿದ ನಮ್ಮ ಸಾಹೇಬರ ಮೇಲೆ ಬಂತು.

ಈಗ ಆ ಗುಂಯ್ ಸದ್ದಿಗೆ ಬರುತ್ತೇನೆ. ಟಿಸಿ ಸುಟ್ಟ ಊರಿನವರು ತಾವೇ ಟ್ರಾಕ್ಟರು ಕಟ್ಟಿಕೊಂಡು ಅಂಗಳಕ್ಕೆ ಬಂದು, ರಿಪೇರಿಯಾದ ಒಂದನ್ನು ಹೇರಿಕೊಂಡು ಹೋಗುವುದು ಆಗಿನ ರೂಢಿ. ಒಳ್ಳೆ ಎತ್ತು ನೋಡಿ ಅಭ್ಯಾಸವಿದ್ದ ಜನ. ಟಿಸಿಯನ್ನೂ ಹಾಗೇ ಸುತ್ತು ಹಾಕಿ, ಮೈ ತಟ್ಟಿ, ಬಗ್ಗಿ ನೋಡುತ್ತಿದ್ದರು. ಬಾಯಿ ಬಿಡಿಸಿ ಹಲ್ಲು ನೋಡುವುದೊಂದು ಬಾಕಿ. ಆಮೇಲೆ ನಂಜಯ್ಯನಿಗೆ, "ಕರೆಂಟ್ ಕೊಟ್ಟು ತೋರ್ಸಿ ಸಾಮಿ" ಎನ್ನುತ್ತಿದ್ದರು. ಕೊಟ್ಟರೆ ಒಂದು ಮೆಲ್ಲಗೆ ಗುನುಗುತ್ತಿತ್ತು, ಇನ್ನೊಂದು ಅಂಗಳವೇ ಅದುರುವಂತೆ ಗುಂಯ್‌ಗುಟ್ಟುತ್ತಿತ್ತು. ಎಲ್ಲರೂ ಗುಂಯ್ ಎನ್ನುವುದರ ಕಡೆಗೇ ಓಡುವವರು. ಜೋರು ಸದ್ದಿದ್ದರೆ ಜೋರು ಪವರು ಎಂದು ಅವರ ಎಣಿಕೆ. ಮೆಲ್ಲಗಿದ್ದದ್ದು ಅವರ ಲೆಕ್ಕದಲ್ಲಿ ಬಡಕಲು.

ಶಿವಣ್ಣ ಇದನ್ನು ಚೆನ್ನಾಗಿ ಅರಿತಿದ್ದ. ತಿರುಳಿನಿಂದ ತಗಡು ಎಳೆದು ಮಾರಿಕೊಳ್ಳುತ್ತಿದ್ದ, ಟಿಸಿ ಗುಂಯ್ ಎನ್ನುತ್ತಿತ್ತು, ಜನ ಅವನ ಬೆನ್ನು ತಟ್ಟಿ ಹೋಗುತ್ತಿದ್ದರು. ಕದ್ದವನಿಗೆ ಕದ್ದದ್ದಕ್ಕಾಗಿಯೇ ಶಹಬ್ಬಾಸ್ ಸಿಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತಿರುಳು ಎಷ್ಟು ತಿನ್ನುತ್ತದೆ ಎಂದು ಅಳೆಯುವ ವ್ಯಾಟ್ ಮೀಟರ್ ನಮ್ಮಲ್ಲಿ ಇತ್ತು. ಅಲಮಾರಿಯೊಳಗೆ ಬೀಗ ಹಾಕಿಸಿಕೊಂಡು ಕೂತಿದ್ದು, ಆಯುಧಪೂಜೆಯ ದಿನ ಹೊರಗೆ ಬಂದು, ಕುಂಕುಮ ಹಚ್ಚಿಸಿಕೊಂಡು ಮತ್ತೆ ಒಳಗೆ ಹೋಗುತ್ತಿತ್ತು. ನಾನು ಅದನ್ನು ತೆಗೆಸಿ, ಒಂದು ವಾರ ಬಂದ ಟಿಸಿಗಳಿಗೆಲ್ಲ ಹಚ್ಚಿ, ಮಿತಿ ಮೀರಿದ್ದನ್ನೆಲ್ಲ ಶಿವಣ್ಣನ ಲಾರಿಗೇ ವಾಪಸು ಹೇರಿಸಿದೆ. ಸಾಹೇಬರು ಕರೆಸಿದರು. "ಊರುಗಳು ಕತ್ತಲಲ್ಲಿ ಕೂತಿವೆ. ನೀನು ಇಲ್ಲಿ ಡಾಕ್ಟರ್ ಥರ ಟೆಸ್ಟ್ ಮಾಡ್ತಾ ಇದ್ದೀಯ" ಎಂದರು. ಮರುದಿನವೇ ವ್ಯಾಟ್ ಮೀಟರಿನ ಮುಳ್ಳು ಸರಿಯಿಲ್ಲವೆಂದು ಮೇಲಿನ ಕಚೇರಿಗೆ ಕಳಿಸಿಬಿಟ್ಟರು. ಕೇಳಿದಾಗಲೆಲ್ಲ ಬರ್ತದೆ, ಬರ್ತದೆ ಎಂದರು.

ಹೀಗಿರುವಾಗ ಕೆ.ಆರ್.ಪೇಟೆ ತಾಲ್ಲೂಕಿನ ಸಿಂಧಘಟ್ಟದಿಂದ ಜಯಮ್ಮ ಬಂದಳು. ಗಂಡ ತೀರಿಕೊಂಡ ಮೇಲೆ ಹಿಟ್ಟಿನ ಮಿಲ್ಲನ್ನು ಅವಳೇ ನಡೆಸುತ್ತಿದ್ದಳು. ಅವಳ ಬೀದಿಯ ಟಿಸಿ ಮೇಲಿಂದ ಮೇಲೆ ಸುಟ್ಟಿತ್ತು. ಮಿಲ್ಲು ಶುರುವಾದರೆ ಬೀದಿಯ ದೀಪಗಳು ಮಂಕಾಗುತ್ತಿದ್ದದ್ದನ್ನು ಎಲ್ಲರೂ ನೋಡಿದ್ದರು, ಆದ್ದರಿಂದ ಟಿಸಿ ಸುಡುವುದೂ ಅವಳಿಂದಲೇ ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ಸಾಹೇಬರಿಗೆ ಅದು ಬಹಳ ಅನುಕೂಲವಾಯಿತು. ಮಿಲ್ಲಿನ ಲೈನು ಕತ್ತರಿಸಿ ಎಂದು ಅಪ್ಪಣೆ ಹೊರಡಿಸಿದರು.

"ಅವ್ವಾ, ನಾನೇನ್ ಕದ್ದಿವ್ನಾ? ಮೀಟ್ರು ಓಡ್ತದೆ, ಬಿಲ್ ಕಟ್ತೀನಿ. ಅವ್ರ್ ರಾಗಿ ಬೀಸಿ ಬೀಸಿ ನನ್ ಎದೆ ತುಂಬಾ ಹಿಟ್ಟೇ ಅದೆ. ಈಗ ನಾನೇ ಟಿಸಿ ಸುಡೋ ಮಾರಿ ಅಂತಾವ್ರೆ. ಲೈನ್ ಕಿತ್ಬುಟ್ರೆ ನಾನ್ ಏನ್ ತಿನ್ಲಿ?" ಎಂದು ಅಂಗಳದ ನಡುವೆ ನಿಂತು ಕೇಳಿದಳು. ಅಳಲಿಲ್ಲ, ಜಗಳಕ್ಕೇ ಬಂದಿದ್ದಳು. ಅದಕ್ಕೇ ಅವಳು ನನಗೆ ತಕ್ಷಣ ಇಷ್ಟವಾದಳು.

ನಂಜಯ್ಯನನ್ನು ಕರೆದುಕೊಂಡು ಸಿಂಧಘಟ್ಟಕ್ಕೆ ಹೋದೆ. ಬೀದಿಯ ತಿರುವಿನಲ್ಲಿ ಕಲ್ಲುಕಟ್ಟೆಯ ಮೇಲೆ, ಹಿಂದಿನದು ಸುಟ್ಟ ಮೇಲೆ ತಂದಿಟ್ಟ ಟಿಸಿ ಕೂತಿತ್ತು. ಅದರ ಸದ್ದು ಬಸ್ಸಿನಿಂದ ಇಳಿಯುವಾಗಲೇ ಕೇಳಿಸಿತು. ಅದನ್ನು ಆರಿಸಿ ತಂದವನು ಬೋರೇಗೌಡ. ಊರಿನ ಹಿರಿಯ, ಎತ್ತು ನೋಡುವುದರಲ್ಲಿ ಹೆಸರಾದವನು. ಜಯಮ್ಮನ ಮೇಲೆ ದೂರು ಕೊಟ್ಟವನೂ ಅವನೇ.

"ಎಂಥಾ ಟಿಸಿ ತಂದಿದ್ದೆ ಗೊತ್ತಾ ಇಂಜಿನಿಯರಮ್ಮ? ಹುಲಿ ಇದ್ದಂಗದೆ ನೋಡಿ. ಇಂಥಾ ಟಿಸಿನೂ ಈ ಯಮ್ಮನ್ ಮಿಲ್ಲು ತಡ್ಕಳಾಕ್ ಬುಡಾಕಿಲ್ಲ" ಎಂದ.

ದೀಪ ಮಂಕಾಗುವ ಗುಟ್ಟು ಅರ್ಧ ಗಂಟೆಯಲ್ಲಿ ಸಿಕ್ಕಿತು. ಟಿಸಿಯಿಂದ ಮೂರು ಫೇಸು ಹೊರಡುತ್ತವೆ. ಬೀದಿಯ ಮನೆಗಳನ್ನೆಲ್ಲ ಲೈನ್‌ಮನ್ ಒಂದೇ ಫೇಸಿಗೆ ನೇತುಹಾಕಿದ್ದ, ಏಣಿ ಇಡಲು ಆ ತಂತಿ ಹತ್ತಿರವಿತ್ತು ಎಂಬ ಒಂದೇ ಕಾರಣಕ್ಕೆ. ಎಲ್ಲರನ್ನೂ ಹೊತ್ತ ಒಂದು ಸುತ್ತು ಬೇಯುತ್ತಿತ್ತು, ಇನ್ನೆರಡು ಆರಾಮಾಗಿದ್ದವು. ಬೇಯುತ್ತಿದ್ದ ಸುತ್ತಿನ ಮೇಲೆ ಮಿಲ್ಲಿನ ಹೊರೆಯೂ ಬಿದ್ದಾಗ ದೀಪ ಕುಗ್ಗುತ್ತಿದ್ದವು. ಮನೆಗಳನ್ನು ಮೂರು ಫೇಸಿಗೂ ಸಮನಾಗಿ ಹಂಚಿಸಿದೆ. ಮಿಲ್ಲು ಓಡಿಸಿ ತೋರಿಸಿದೆ, ದೀಪ ಕುಗ್ಗಲಿಲ್ಲ. ಕಾಸಿನ ಖರ್ಚಿಲ್ಲದೆ ಪೋಲು ತಗ್ಗಿಸುವ ದಾರಿ ಇದು. ನೀವು ಹೋದ ಕಡೆಯಲ್ಲೆಲ್ಲ ಇದನ್ನು ಮೊದಲು ಮಾಡಿ.

ಬೋರೇಗೌಡ ಅಷ್ಟಕ್ಕೆ ಒಪ್ಪಲಿಲ್ಲ. "ಈಗ ಕುಗ್ನಿಲ್ಲ ಸರಿ. ಟಿಸಿ ಸುಟ್ಟಿದ್ದು ಯಾಕೆ ಮತ್ತೆ?" ಎಂದ. ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ನನ್ನ ಕಿವಿಗೆ ಕೇಳಿಸುತ್ತಿತ್ತು, ತೋರಿಸಲು ಮಾತ್ರ ಮೀಟರು ಇರಲಿಲ್ಲ.

ಆಗ ಧನುರ್ಮಾಸ. ಬೆಳಗಾದರೆ ಹುಲ್ಲಿನ ಮೇಲೆಲ್ಲ ಇಬ್ಬನಿ. ಅದೇ ಊರಿನ ಮೇಲುಬೀದಿಯಲ್ಲಿ ಅಷ್ಟೇ ದೊಡ್ಡದಾದ, ಅಂಥದ್ದೇ ಕಟ್ಟೆಯ ಮೇಲೆ ಕೂತ, ರಿಪೇರಿಯ ಮುಖ ಕಾಣದ ಹಳೆಯ ಟಿಸಿ ಇನ್ನೊಂದಿತ್ತು. ಅದು ಇರುವುದೇ ಗೊತ್ತಾಗದ ಹಾಗೆ ತೆಪ್ಪಗಿರುತ್ತಿತ್ತು. ನನಗೆ ಒಂದು ದಾರಿ ಹೊಳೆಯಿತು. "ಒಂದು ರಾತ್ರಿ ಎರಡು ಬೀದಿಯವರೂ ಕರೆಂಟು ಬಿಟ್ಟುಕೊಡಿ. ಎರಡು ಟಿಸಿಯಿಂದಲೂ ಊರಿಗೆ ಹೋಗುವ ಫ್ಯೂಸು ಕೀಳಿಸುತ್ತೇನೆ. ಟಿಸಿಗಳಿಗೆ ಮಾತ್ರ ಮೇಲಿನಿಂದ ಕರೆಂಟು ಇರುತ್ತದೆ. ಯಾರೂ ಒಂದು ಬಲ್ಬೂ ಉರಿಸುವ ಹಾಗಿಲ್ಲ. ಬೆಳಿಗ್ಗೆ ಎಲ್ಲ ಬಂದು ನೋಡಿ" ಎಂದೆ.

"ಒಂದ್ ರಾತ್ರಿಗೆ ಕೇಳ್ತೀರಲ್ಲವ್ವ, ದಿನಾ ನೀವೇ ತಗ್ದು ಮಡಿಕತೀರಿ!" ಎಂದು ಯಾರೋ ಅಂದರು. ಎಲ್ಲರೂ ನಕ್ಕು ಒಪ್ಪಿಕೊಂಡರು. ಆ ಒಂದು ರಾತ್ರಿ ಲೈನು ತೆಗೆಯಬಾರದೆಂದು ಸಬ್‌ಸ್ಟೇಷನ್ನಿನವರ ಕೈಕಾಲು ಹಿಡಿದದ್ದು ನನಗೆ ಹೆಚ್ಚು ಕಷ್ಟವಾಯಿತು.

ಬೆಳಿಗ್ಗೆ ಊರಿಗೆ ಊರೇ ಸೇರಿತ್ತು. ಮೊದಲು ಮೇಲುಬೀದಿಗೆ ಹೋದೆವು. ತೆಪ್ಪಗಿದ್ದ ಟಿಸಿಯ ಮೈಮೇಲೆ ಇಬ್ಬನಿ ಕೂತು, ಅಂಚಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಆಮೇಲೆ ಜಯಮ್ಮನ ಮಿಲ್ಲಿದ್ದ ಕೆಳಬೀದಿಗೆ ಬಂದೆವು. ಗುಂಯ್‌ಗುಟ್ಟುವ ಟಿಸಿಯ ಸುತ್ತಲ ಹುಲ್ಲು, ಬೇಲಿ, ಕಟ್ಟೆ ಎಲ್ಲ ಒದ್ದೆ. ಟಿಸಿ ಮಾತ್ರ ಒಣಒಣ. ಮೇಲಿನ ಸ್ವಿಚ್ಚು ಇಳಿಸಿ, ಲೈನು ಸತ್ತಿದೆ ಎಂದು ಖಚಿತ ಮಾಡಿಕೊಂಡು, ಬೋರೇಗೌಡನಿಗೆ ಮುಟ್ಟಿ ನೋಡಲು ಹೇಳಿದೆ. ಅವನು ಅಂಗೈ ಇಟ್ಟವನು ತಟ್ಟನೆ ತೆಗೆದ.

"ಮೈ ಕಾದದೆ" ಎಂದ.

"ಗೌಡ್ರೆ, ರಾತ್ರಿಯೆಲ್ಲ ಮಿಲ್ಲು ಓಡಿತ್ತೇ?"

"ಇಲ್ಲ ಕಣವ್ವ. ಒಂದ್ ದೀಪನೂ ಉರೀನಿಲ್ಲ."

"ಯಾರೂ ಮುಟ್ಟದ ಕರೆಂಟನ್ನು ಹಾಗಾದರೆ ತಿಂದದ್ದು ಯಾರು?"

ಜನರ ಹಿಂದೆ ನಿಂತಿದ್ದ ಜಯಮ್ಮ ಮುಂದೆ ಬಂದು, "ನಾನಂತೂ ಅಲ್ವಲ್ಲ ಗೌಡ್ರೆ?" ಎಂದಳು. ಬೋರೇಗೌಡ ಟವೆಲ್ಲಿನಿಂದ ಅಂಗೈ ಒರೆಸಿಕೊಂಡ.

ಅವತ್ತೇ ಟಿಸಿಯನ್ನು ಇಳಿಸಿ ಟ್ರಾಕ್ಟರಿಗೆ ಹೇರಿ ಅಂಗಳಕ್ಕೆ ತಂದೆವು. ಬೋರೇಗೌಡ, ಜಯಮ್ಮ ಇಬ್ಬರೂ ಜೊತೆಗೆ ಬಂದರು. ಸಾಹೇಬರು ಇದ್ದರು, ಶಿವಣ್ಣನೂ ಇದ್ದ. ಮುಚ್ಚಳ ಬಿಚ್ಚಬೇಡಿ ಎಂದು ಶಿವಣ್ಣ ಕೂಗುತ್ತಿದ್ದ ಹಾಗೇ ನಂಜಯ್ಯ ಬಿಚ್ಚಿದ, ತಿರುಳೂ ಸುತ್ತೂ ಸೇರಿದ ಒಳಗಿನ ಗಡ್ಡೆಯನ್ನು ಸರಪಳಿಯಲ್ಲಿ ಎತ್ತಿ ಎಣ್ಣೆ ಸೋರಲು ಬಿಟ್ಟ. ತಗಡುಗಳ ಅಂಚಿನಲ್ಲೆಲ್ಲ ಸುತ್ತಿಗೆಯ ಪೆಟ್ಟಿನ ಗುರುತು. ತಗಡು ಇರಬೇಕಾದ ಎಷ್ಟೋ ಜಾಗದಲ್ಲಿ ತಗಡೇ ಇಲ್ಲ. ಖಾಲಿ ಕಾಣದಿರಲೆಂದು ಮರದ ಪಟ್ಟಿಗಳನ್ನು ತುರುಕಿದ್ದರು. ನಂಜಯ್ಯ ಒಂದನ್ನು ಎಳೆದು ತೆಗೆದ. ಬೋರೇಗೌಡ ಅದನ್ನು ಈಸಿಕೊಂಡು, ಎಣ್ಣೆ ಒರೆಸಿ, ಉಗುರಿನಲ್ಲಿ ಕೆರೆದು ನೋಡಿದ.

"ಹಲಸಿನ್ ಮರ! ಕರೆಂಟ್ ಪೆಟ್ಟಿಗೆಗೆ ಹಲಸಿನ್ ಮರ ಯಾಕ್ಲಾ ಶಿವಣ್ಣ? ವೀಣೆ ಮಾಡಾಕ್ ಹೊಂಟಿದ್ದಾ?"

ಅಂಗಳದಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನನಗೆ ನಗು ಬರಲಿಲ್ಲ. ಹಲಸಿನ ಮರ ಹೊಟ್ಟೆಗೆ ಹಾಕಿಸಿಕೊಂಡ ಟಿಸಿಗಳು ಆ ನಾಲ್ಕು ತಾಲ್ಲೂಕಿನಲ್ಲಿ ಇನ್ನೆಷ್ಟು ಕೂತಿವೆಯೋ, ಎಷ್ಟು ಜನ ಜಯಮ್ಮಂದಿರ ತಲೆಗೆ ಅಪವಾದ ಕಟ್ಟಿದ್ದೇವೋ ಎಂದು ಲೆಕ್ಕ ಹಾಕುತ್ತಿದ್ದೆ. ಸಾಹೇಬರು ಬಗ್ಗಿ ನೋಡಿದರು. "ಪ್ಯಾಕಿಂಗ್ ಕಣ್ರೀ. ಎಲ್ಲಾದರಲ್ಲೂ ಸ್ವಲ್ಪ ಇರುತ್ತೆ. ಮುಚ್ಚಿ. ಓವರ್‌ಲೋಡ್ ಅಂತ ಬರೀರಿ" ಎಂದರು.

ನಾನು ಬರೆಯುವುದಿಲ್ಲ ಎಂದೆ. ಬಾಯಿ ತುಂಬ ಇನ್ನೂ ಏನೇನೋ ಅಂದೆ, ಎಲ್ಲ ಅಚ್ಚು ಹಾಕಿಸುವಂಥದ್ದಲ್ಲ. ಬೋರೇಗೌಡ ನಡುವೆ ಬಂದ. "ಸಾಹೇಬ್ರೆ, ನೀವೇನಾರ ಬರ್ಕಳಿ. ಜಯಮ್ಮನ್ ಮಿಲ್ಲಿನ್ ಲೈನ್ ಮುಟ್ಟಾಕ್ ಯಾರ್ ಬತ್ತಾರೋ ನೋಡ್ತೀನಿ" ಎಂದ. ಹೊರಡುವಾಗ ಜಯಮ್ಮ ಆ ಪಟ್ಟಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಲೈನು ಉಳಿಯಿತು. ಶಿವಣ್ಣನಿಗೆ ಮಾತ್ರ ಏನೂ ಆಗಲಿಲ್ಲ. ನಾನು ಬರೆದ ವರದಿ ಮೇಲೆ ಹೋಯಿತು, ಅಲ್ಲೇ ಮಲಗಿತು. ಅವನ ಲಾರಿ ಎಂದಿನಂತೆ ಬರುತ್ತಿತ್ತು, ವೋಲ್ಟೇಜು ಬಂತೇ, ಬಂತು, ಪಾಸು ಎನ್ನುವುದು ನಡೆದೇ ಇತ್ತು. ಪಾಸು ಎಂದು ನಾನು ಸಹಿ ಹಾಕಲು ಒಪ್ಪದಿದ್ದಾಗ ಸಾಹೇಬರು ತಾವೇ ಹಾಕುತ್ತಿದ್ದರು.

ಬೇಸಿಗೆ ಬಂತು. ಬಿಂಡಿಗನವಿಲೆ ಕಡೆಯಿಂದ ಒಂದು ಟ್ರಾಕ್ಟರು ಬಂತು. ನಂಜಯ್ಯ ಎಂದಿನಂತೆ ಎರಡು ಟಿಸಿಗೆ ಕರೆಂಟು ಕೊಟ್ಟು ತೋರಿಸಿದ. ಟ್ರಾಕ್ಟರಿನಿಂದ ಇಳಿದ ಮುದುಕ ಗುಂಯ್ ಎನ್ನುವುದರ ಹತ್ತಿರ ನಿಂತು ಮುಖ ಸಿಂಡರಿಸಿದ.

"ಇದು ಬ್ಯಾಡ. ಕೂಗ್ದೆ ಇರೋದ್ ಕೊಡಿ."

"ಇದರಲ್ಲಿ ಪವರು ಜೋರು ಕಣಜ್ಜ" ಎಂದು ಶಿವಣ್ಣ ಅಂದ.

"ಪವರಲ್ಲ ಕಣ್ಲಾ, ಹಲಸಿನ್ ಮರ. ಸಿಂಧಘಟ್ಟದ್ ಮಿಲ್ಲಲ್ಲಿ ನೇತಾಕವ್ರೆ, ನೋಡ್ಕಂಡೇ ಬಂದಿವ್ನಿ. ಗುಂಯ್ ಅನ್ನೋದ್ನ ನಿಮ್ಮನೆ ಮುಂದೆ ಮಡಿಕ್ಕೊ."

ಜಯಮ್ಮ ಆ ಪಟ್ಟಿಯನ್ನು ಮಿಲ್ಲಿನ ಬಾಗಿಲಿಗೇ ಕಟ್ಟಿದ್ದಳಂತೆ. ರಾಗಿ ಬೀಸಿಸಲು ಬಂದು ಸರದಿ ಕಾಯುವವರಿಗೆಲ್ಲ ಅದರ ಕತೆ ಹೇಳುತ್ತಿದ್ದಳಂತೆ. ಊರಿಗೆ ಬಂದ ನೆಂಟರಿಷ್ಟರು ಅದನ್ನು ತಮ್ಮ ತಮ್ಮ ಊರಿಗೆ ಹೊತ್ತುಕೊಂಡು ಹೋದರು. ಆಮೇಲೆ ಬಂದ ಟ್ರಾಕ್ಟರುಗಳೆಲ್ಲ ಅದೇ ಪಾಠ ಹೇಳಿದವು. ಶಿವಣ್ಣನ ಟಿಸಿಗಳು ಅಂಗಳದಲ್ಲಿ ಸಾಲಾಗಿ ನಿಂತು ಧೂಳು ಹಿಡಿದವು, ಅವು ಊರು ಸೇರದೆ ಅವನ ಬಿಲ್ಲೂ ಆಗುತ್ತಿರಲಿಲ್ಲ. "ಜನಕ್ಕೆ ಏನಮ್ಮ ತಲೆಕೆಡಿಸಿದ್ದೀಯ?" ಎಂದು ಸಾಹೇಬರು ನನ್ನನ್ನು ಕೇಳಿದರು. "ನಾನು ನೆರಳಲ್ಲೇ ಕೂತಿದ್ದೀನಿ ಸಾರ್" ಎಂದೆ.

ಕೊನೆಗೆ ಒಂದು ಮಧ್ಯಾಹ್ನ ಶಿವಣ್ಣನೇ ನನ್ನ ಮೇಜಿನ ಮುಂದೆ ಬಂದು ನಿಂತ. ಅವನ ಕಂಕುಳಲ್ಲಿ ವ್ಯಾಟ್ ಮೀಟರ್. ಎಲ್ಲಿತ್ತೋ, ಯಾರ ಕಾಲು ಹಿಡಿದು ತಂದನೋ, ಕೇಳಲಿಲ್ಲ. "ಮೇಡಂ, ಟೆಸ್ಟ್ ಮಾಡಿ ಪಾಸು ಅಂತ ನೀವೇ ಹೇಳಿ. ಸಾಹೇಬರ ಸಹಿ ಯಾರೂ ನಂಬ್ತಿಲ್ಲ. ನಿಮ್ಮ ಮಾತಿಲ್ದೆ ಒಬ್ಬನೂ ಟಿಸಿ ಮುಟ್ತಿಲ್ಲ" ಎಂದ.

ನಂಜಯ್ಯ ಸಾಲಿನ ಮೊದಲ ಟಿಸಿಗೆ ತಂತಿ ಹಚ್ಚಿ ಕರೆಂಟು ಕೊಟ್ಟ. ಅದು ಗುಂಯ್ ಎಂದಿತು. ಮೀಟರಿನ ಮುಳ್ಳು ಮಿತಿ ದಾಟಿ ಮೇಲೆ ಹೋಗಿ ನಿಂತಿತು. ಶಿವಣ್ಣ ನನ್ನ ಮುಖ ನೋಡಿದ. ಲಾರಿ ಹಿಂದಕ್ಕೆ ತಗೋ, ಇದನ್ನ ವಾಪಸು ಹೇರ್ಕೊ ಎಂದೆ.